ಗೇಟಿನ ಪಕ್ಕದ ಪೈನ್ ಮರ

ಅಕ್ಟೋಬರ್ 14

ಅತ್ತಿಗೆ,

ಬಸ್ಸು ಹೊತ್ತಿಗೆ ಸರಿಯಾಗಿ ತಲುಪಿಸಿತು. ಪಕ್ಕದ ಸೀಟಿನವನು ದಾರಿಯುದ್ದಕ್ಕೂ ನನ್ನ ಭುಜವನ್ನೇ ದಿಂಬು ಮಾಡಿಕೊಂಡಿದ್ದ ಅನ್ನುವುದೊಂದು ಬಿಟ್ಟರೆ ನಾನು ಚೆನ್ನಾಗಿದ್ದೇನೆ. ಫೋನಿನಲ್ಲಿ ಮಾತಾಡಿದರೆ ಮೂರನೇ ಮಾತಿಗೆ ಇಬ್ಬರ ದನಿಯೂ ಏರುತ್ತದೆ, ಇನ್ನು ಕಾಗದವೇ ಸರಿ ಅಂತ ಅಣ್ಣ ತೀರಿಕೊಂಡ ವರ್ಷ ನೀವೇ ಅಂದಿದ್ದಿರಿ. ಹಾಗಾಗಿ ಕಾಗದ.

ನೇರವಾಗಿ ಕೇಳುತ್ತೇನೆ. ಗೇಟಿನ ಪಕ್ಕದ ಪೈನ್ ಮರಕ್ಕೆ ಏನಾಗಿದೆ?

ನಾನಿದ್ದ ಎರಡು ದಿನವೂ ಗಮನಿಸಿದೆ. ದೂರದಿಂದ ನೋಡಿದರೆ ಹಸಿರು. ಕೊಂಬೆ ಸರಿಸಿ ಒಳಗೆ ಇಣುಕಿದರೆ ಕಾಂಡದ ಹತ್ತಿರದ ಸೂಜಿಯೆಲೆಗಳೆಲ್ಲ ಹಳದಿ. ಬುಡದಲ್ಲಿ ಕಾಲಿಟ್ಟರೆ ಪಾದ ಮುಚ್ಚುವಷ್ಟು ಉದುರಿವೆ. ವರ್ಷಪೂರ್ತಿ ಹಸಿರಾಗಿರುವ ಮರ ಅಂತಲೇ ಅಣ್ಣ ಅದನ್ನು ತಂದದ್ದು. ಹದಿನಾರು ವರ್ಷದ ಹಿಂದೆ ಗುಂಡಿ ತೋಡಿದವರು ಅಣ್ಣ ಮತ್ತು ನಾನು, ಸಸಿಯನ್ನು ನೆಟ್ಟಗೆ ಹಿಡಿದು ನಿಂತವರು ನೀವು. "ಬೇಗ ಮಣ್ಣು ಎಳಿ ಪುಟ್ಟಿ, ಅವಳ ಕೈ ನೋಯುತ್ತೆ" ಅಂತ ಅಣ್ಣ ನನ್ನ ಮೇಲೆ ರೇಗಿದ್ದರು.

ಇನ್ನೊಂದು ವಿಷಯ. ಭಾನುವಾರ ನಾನು ಸ್ನಾನ ಮುಗಿಸಿ ಬರುವಾಗ ಪಕ್ಕದ ಔಷಧಿ ಅಂಗಡಿಯವರು ನಮ್ಮ ಗೇಟು ದಾಟಿ ಹೋಗುತ್ತಿದ್ದರು. ಯಾಕೆ ಬಂದಿದ್ದರು ಎಂದರೆ "ಸುಮ್ಮನೆ" ಅಂದಿರಿ. ಆ ಮನುಷ್ಯ ಸುಮ್ಮನೆ ಸೀನುವವರೂ ಅಲ್ಲ. ನಮ್ಮ ಮನೆ ಕೊಂಡು ಅಂಗಡಿ ದೊಡ್ಡದು ಮಾಡಬೇಕು ಅಂತ ಅಣ್ಣ ಇದ್ದಾಗಲೇ ಕೇಳಿದವರು. ಹಸಿರು ಮರ ಕಡಿಯಲು ನಗರಸಭೆ ಅನುಮತಿ ಕೊಡುವುದಿಲ್ಲ, ಮರ ನಿಂತಿರುವಷ್ಟು ದಿನ ಅಲ್ಲಿ ಕಟ್ಟಡ ಏಳುವುದಿಲ್ಲ. ಇದು ಅವರಿಗೂ ಗೊತ್ತು, ನಿಮಗೂ ಗೊತ್ತು. ಮನೆ ಅರ್ಧ ನಿಮ್ಮದು, ಅರ್ಧ ನನ್ನದು ಅನ್ನುವುದೂ ಗೊತ್ತಿದೆ.

ಇಪ್ಪತ್ತು ವರ್ಷದಿಂದ ಅಂಗಡಿಗಳ ತಕ್ಕಡಿ ತಪಾಸಣೆ ಮಾಡುತ್ತಿದ್ದೇನೆ. ತಟ್ಟೆಯ ಅಡಿಗೆ ಅಯಸ್ಕಾಂತ ಅಂಟಿಸಿದವನೇ ನನ್ನನ್ನು ಕಂಡ ಕೂಡಲೇ ಹೆಚ್ಚು ನಗುವುದು. ಈ ಸಲ ನೀವು ಬಹಳ ನಗುತ್ತಿದ್ದಿರಿ ಅತ್ತಿಗೆ. ತಪ್ಪು ತಿಳಿಯಬೇಡಿ.

ಇತಿ,
ನಿಮ್ಮ ನಾದಿನಿ


ಅಕ್ಟೋಬರ್ 23

ಶ್ರೀಮತಿ ತಪಾಸಣಾಧಿಕಾರಿಯವರಿಗೆ,

ನಕ್ಕಿದ್ದು ನಿಜ, ಒಪ್ಪಿಕೊಂಡೆ. ಆರು ತಿಂಗಳ ಮೇಲೆ ಮನೆಯೊಳಗೆ ಇನ್ನೊಬ್ಬರ ದನಿ ಕೇಳಿಸಿತು, ಅದಕ್ಕೆ ನಕ್ಕೆ. ಮುಂದಿನ ಸಲ ಮುಖ ಗಂಟು ಹಾಕಿಕೊಂಡು ಬಾಗಿಲು ತೆಗೆಯುತ್ತೇನೆ, ಸಮಾಧಾನವೇ?

ಮರಕ್ಕೆ ಏನೂ ಆಗಿಲ್ಲ. ಪೈನ್ ಮರವೂ ಎಲೆ ಉದುರಿಸುತ್ತದೆ ಮಾರಾಯ್ತಿ. ಪ್ರತಿ ವರ್ಷ ಚಳಿಗೆ ಮುಂಚೆ, ಎರಡು ಮೂರು ವರ್ಷ ಹಳೆಯದಾದ ಒಳಗಿನ ಸೂಜಿಗಳು ಹಳದಿಯಾಗಿ ಬೀಳುತ್ತವೆ. ಕೊಂಬೆಯ ತುದಿ ಹಸಿರಾಗಿದ್ದರೆ ಮರ ಸುಖವಾಗಿದೆ ಎಂದೇ ಅರ್ಥ. ನೀನು ಯಾವಾಗಲೂ ಬೇಸಿಗೆಯಲ್ಲಿ ರಜೆ ಹಾಕಿ ಬರುವವಳು. ಈ ತಿಂಗಳಲ್ಲಿ ಬಂದದ್ದು ಇದೇ ಮೊದಲು, ಅದಕ್ಕೇ ನೋಡಿಲ್ಲ. ಬಿದ್ದದ್ದನ್ನು ಗುಡಿಸದೆ ಬುಡಕ್ಕೆ ಹರಡಿದವಳು ನಾನೇ. ಅದೇ ಅದಕ್ಕೆ ಹೊದಿಕೆ, ಅದೇ ಗೊಬ್ಬರ.

ನೀರಿನ ಬಗ್ಗೆಯೂ ನೀನು ಕೇಳುವ ಮೊದಲೇ ಹೇಳಿಬಿಡುತ್ತೇನೆ. ನಮ್ಮದು ಜೇಡಿಮಣ್ಣು, ಹಿಡಿದ ನೀರನ್ನು ಬಿಡುವುದಿಲ್ಲ. ಒಣ ತಿಂಗಳಲ್ಲಿ ಹದಿನೈದು ದಿನಕ್ಕೊಮ್ಮೆ ಬೆರಳು ಇಳಿಸಿ ನೋಡುತ್ತೇನೆ, ಒಣಗಿದ್ದರೆ ಮಾತ್ರ ಹಾಕುತ್ತೇನೆ, ಅದೂ ಕಾಂಡದಿಂದ ದೂರಕ್ಕೆ. ಪೈನ್ ಬಾಯಾರಿ ಸಾಯುವುದಕ್ಕಿಂತ ನೀರು ಹೆಚ್ಚಾಗಿ ಸಾಯುವುದೇ ಜಾಸ್ತಿ ಅಂತ ನಿನ್ನ ಅಣ್ಣ ನೂರು ಸಲ ಹೇಳಿದ್ದರು. ಏಪ್ರಿಲ್‌ನಲ್ಲಿ ಹೊಸ ಚಿಗುರು ಮೇಣದಬತ್ತಿಯ ಹಾಗೆ ಎದ್ದು ನಿಂತಾಗ ಕೈಗೆ ಎಟುಕಿದ ಒಂದೊಂದನ್ನೂ ಅರ್ಧಕ್ಕೆ ಬೆರಳಲ್ಲೇ ಮುರಿಯುತ್ತೇನೆ. ಹಾಗೆ ಮಾಡಿದ್ದಕ್ಕೇ ಅದು ಇಷ್ಟು ದಟ್ಟವಾಗಿರುವುದು.

ಔಷಧಿ ಅಂಗಡಿಯವರು ಮನೆ ಕೇಳಲೇ ಬಂದಿದ್ದರು. ಆಗುವುದಿಲ್ಲ ಅಂದೆ. ನೀನಿದ್ದ ಎರಡು ದಿನದಲ್ಲಿ ಆ ರಗಳೆ ಯಾಕೆ ಅಂತ ನಿನಗೆ "ಸುಮ್ಮನೆ" ಅಂದೆ. ಅದು ನನ್ನ ತಪ್ಪು.

ವರ್ಗಾವಣೆಗೆ ಅರ್ಜಿ ಹಾಕಿದ್ದೀಯಲ್ಲ, ಜೂನ್ ಹೊತ್ತಿಗೆ ಬಂದುಬಿಡುತ್ತೀಯ ಅಂತ ಮುಂದಿನ ಕೋಣೆಗೆ ಬಣ್ಣ ಹೊಡೆಸುತ್ತಿದ್ದೇನೆ. ಕಿಟಕಿಗೆ ಎಂಥ ಪರದೆ ಬೇಕು ಬರೆ. ಆಸ್ಪತ್ರೆಯ ಲ್ಯಾಬಿನಲ್ಲಿ ದಿನವೆಲ್ಲ ಬೇರೆಯವರ ರಕ್ತ ನೋಡಿ ಮನೆಗೆ ಬಂದರೆ ಮಾತಾಡಲು ಗೋಡೆ ಮಾತ್ರ. ಒಬ್ಬಳೇ ಉಂಡು ಉಂಡು ಸಾಕಾಗಿದೆ.

ಪ್ರೀತಿಯಿಂದ,
ಅತ್ತಿಗೆ


ನವೆಂಬರ್ 3

ದರ್ಜಿಯಣ್ಣನಿಗೆ ನಮಸ್ಕಾರ.

ನಾನು ನಿಮ್ಮ ಅಂಗಡಿಯ ಎದುರುಮನೆಯವಳು, ಚಿಕ್ಕಂದಿನಲ್ಲಿ ನಿಮ್ಮ ಹತ್ತಿರ ಗುಂಡಿ ಕದಿಯುತ್ತಿದ್ದವಳು. ಒಂದು ಉಪಕಾರ ಆಗಬೇಕು. ನಮ್ಮ ಗೇಟಿನ ಪಕ್ಕದ ಪೈನ್ ಮರದ ಮೇಲೆ ಒಂದು ಕಣ್ಣಿಡಿ. ಯಾರು ಅದರ ಹತ್ತಿರ ಹೋಗುತ್ತಾರೆ, ಔಷಧಿ ಅಂಗಡಿಯವರು ಎಷ್ಟು ಸಲ ಬರುತ್ತಾರೆ, ನನಗೆ ಬರೆದು ತಿಳಿಸಿ.

ಅತ್ತಿಗೆ ಅದಕ್ಕೆ ಹದಿನೈದು ದಿನಕ್ಕೊಮ್ಮೆ ನೀರು ಹಾಕುತ್ತಾರಂತೆ, ಅದೂ ಬೆರಳಿಟ್ಟು ನೋಡಿ! ಎರಡು ಮಹಡಿ ಎತ್ತರದ ಮರ. ನೀರು ಹಾಕದೆ ಒಣಗಿಸಿ, ಅದಕ್ಕೊಂದು ಶಾಸ್ತ್ರ ಹೇಳಿ ನನ್ನ ಕಿವಿಗೆ ಹೂವಿಡಲು ನೋಡುತ್ತಿದ್ದಾರೆ. ಅಣ್ಣನ ಹೆಸರನ್ನೂ ನಡುವೆ ತಂದಿದ್ದಾರೆ. ಅಣ್ಣ ಈಗ ಬಂದು ಸಾಕ್ಷಿ ಹೇಳುವಂತಿಲ್ಲವಲ್ಲ.

ಅವರು ಬೆಳಿಗ್ಗೆ ಆರೂವರೆಗೆ ಆಸ್ಪತ್ರೆಗೆ ಹೋಗುತ್ತಾರೆ. ನೀವು ಏಳಕ್ಕೆ ಅಂಗಡಿ ತೆರೆದಾಗ ನಿಮ್ಮ ನಲ್ಲಿಯ ಪೈಪನ್ನು ರಸ್ತೆ ದಾಟಿಸಿ, ಬೇಲಿಯ ಮೇಲಿಂದ ಬುಡಕ್ಕೆ ಇಳಿಬಿಟ್ಟು ಕಾಲು ಗಂಟೆ ನೀರು ಬಿಡಿ. ದಿನಾ. ಈ ವಿಷಯ ಅತ್ತಿಗೆಯ ಕಿವಿಗೆ ಬೀಳಬಾರದು.

ನಿಮ್ಮ ತಂಗಿಯಂಥವಳು


ನವೆಂಬರ್ 11

ತಂಗೀ,

ನಿಮ್ಮ ಕಾಗದ ಬಂತು. ನನಗೆ ಬರೆಯೋಕೆ ಅಷ್ಟಾಗಿ ಬರಲ್ಲ, ಮಾತಾಡಿದ ಹಾಗೇ ಬರೀತೀನಿ, ನಗಬೇಡಿ. ನಿಮ್ಮಣ್ಣ ನನ್ನ ಹತ್ರಾನೇ ಕೊನೇವರೆಗೂ ಅಂಗಿ ಹೊಲಿಸಿದವರು. ಅವರ ಮರ ಅಂದ್ರೆ ನನಗೂ ಮರ್ಯಾದೆ ಇದೆ. ಸೋಮವಾರದಿಂದ ಪೈಪು ಬಿಡ್ತಾ ಇದೀನಿ. ಟೇಪು ಹಿಡಿದು ಅಳತೇನೂ ತಗೊಂಡೆ, ಸೊಂಟ ಮೂವತ್ತೆಂಟು ಇಂಚು. ಇಳಿದ್ರೆ ಹೇಳ್ತೀನಿ.

ಔಷಧಿ ಅಂಗಡಿಯವ್ರು ಈ ವಾರ ಒಂದ್ಸಲ ಬಂದ್ರು. ಗೇಟಲ್ಲೇ ನಿಂತು ಮಾತಾಡಿದ್ರು, ಹೋದ್ರು. ಏನು ಮಾತಾಡಿದ್ರು ಕೇಳಿಸ್ಲಿಲ್ಲ, ಮಷೀನು ಓಡ್ತಿತ್ತು. ಮುಂದಿನ ಸಲ ಮಷೀನು ನಿಲ್ಲಿಸ್ತೀನಿ.

ಒಂದ್ ಮಾತು, ನಿಮ್ಮ ಅತ್ತಿಗೆಯವ್ರು ಕೆಟ್ಟವರ ಹಾಗೆ ಕಾಣಲ್ಲಪ್ಪ. ಆದ್ರೆ ನೀವು ಗೌರ್ಮೆಂಟಿನವರು, ನಿಮಗೇ ಜಾಸ್ತಿ ಗೊತ್ತಿರುತ್ತೆ.

ದರ್ಜಿ


ಜನವರಿ 16

ನಾದಿನಿಗೆ,

ನಿನ್ನ ಎರಡು ಕಾಗದಕ್ಕೂ ಉತ್ತರ ಬರೆದಿರಲಿಲ್ಲ. ಜ್ವರ ಬಂದಿತ್ತು, ಒಂದು ವಾರ ರಜೆ ಹಾಕಿ ಮನೆಯಲ್ಲೇ ಇದ್ದೆ. ಈಗ ಪರವಾಗಿಲ್ಲ.

ಒಂದು ಪ್ರಶ್ನೆ ಕೇಳುತ್ತೇನೆ, ಸುತ್ತಿ ಬಳಸಿ ಹೇಳಬೇಡ. ಈ ಮನೆ ಮಾರುವ ಯೋಚನೆ ನಿನಗೇನಾದರೂ ಇದೆಯೇ? ಇದ್ದರೆ ಬಾಯಿಬಿಟ್ಟು ಹೇಳು. ನಾನು ಅಡ್ಡ ಬರುವವಳಲ್ಲ. ಎದುರಿಗೆ ಹೇಳಿದ್ದನ್ನು ಎಂಥದ್ದಾದರೂ ಹೊಟ್ಟೆಗೆ ಹಾಕಿಕೊಳ್ಳುತ್ತೇನೆ. ಹಿಂದಿನಿಂದ ಮಾಡಿದ್ದನ್ನು ಮಾತ್ರ ನನಗೆ ಸಹಿಸಲು ಆಗುವುದಿಲ್ಲ.

ಪರದೆ ಇನ್ನೂ ಹೊಲಿಸಿಲ್ಲ.

ಅತ್ತಿಗೆ


ಜನವರಿ 27

ಅತ್ತಿಗೆ,

ಅಂತೂ ಮಾರುವ ಮಾತು ನಿಮ್ಮ ಬಾಯಿಂದಲೇ ಬಂತು. ಅದನ್ನು ನನ್ನ ತಲೆಗೆ ಕಟ್ಟಿ ಕೇಳಿದ್ದು ಜಾಣತನ. ತಟ್ಟೆಯಡಿ ಅಯಸ್ಕಾಂತ ಸಿಕ್ಕಾಗ ಅಂಗಡಿಯವರು ನನ್ನನ್ನೇ "ನೀವೇ ಇಟ್ಟಿರಾ ಮೇಡಂ" ಅಂತ ಕೇಳುತ್ತಾರೆ, ಅಂಥದ್ದು ನನಗೆ ಹೊಸದಲ್ಲ.

ನನಗೆ ಮಾರುವ ಯೋಚನೆ ಇಲ್ಲ. ಇರುವುದೂ ಇಲ್ಲ. ನನಗೆ ಅಂತ ಉಳಿದಿರುವ ನೆಲ ಅದೊಂದೇ. ಇಷ್ಟು ವರ್ಷ ಬಾಡಿಗೆ ಕೋಣೆಗಳಲ್ಲಿ ಪೆಟ್ಟಿಗೆ ಬಿಚ್ಚದೆ ಬದುಕಿದ್ದೇನೆ. ಅಲ್ಲಿಗೆ ಬಂದು ಬಿಚ್ಚಬೇಕು ಅಂತ ಆಸೆ ಇತ್ತು. ಹಿಂದಿನಿಂದ ಮಾಡುವವರು ಯಾರು ಅನ್ನುವುದು ನಿಮ್ಮ ಮನಸ್ಸಿಗೇ ಗೊತ್ತಿರಬೇಕು.

ಮರ ಹೇಗಿದೆ? ಕಾಗದದಲ್ಲಿ ಅದರ ಬಗ್ಗೆ ಒಂದು ಅಕ್ಷರವೂ ಇಲ್ಲ. ಅದನ್ನು ಗಮನಿಸದೇ ಇರುವಷ್ಟು ದಡ್ಡಿ ನಾನಲ್ಲ.

ನಾದಿನಿ


ಫೆಬ್ರವರಿ 20

ತಂಗೀ,

ಸುದ್ದಿ ಚೆನ್ನಾಗಿಲ್ಲ. ಮೊದ್ಲು ಒಳಗಡೆ ಮಾತ್ರ ಹಳದಿ ಇತ್ತು, ಈಗ ತುದೀನೂ ಹಳದಿ. ರಸ್ತೆ ಕಡೆ ಎರಡು ಕೊಂಬೆ ಕಂದು ಬಣ್ಣಕ್ಕೆ ಬಂದಿವೆ. ನೀವು ಹೇಳಿದ ಹಾಗೆ ನೀರು ಅರ್ಧ ಗಂಟೆ ಮಾಡಿದೀನಿ, ಒಂದಿನಾನೂ ತಪ್ಪಿಸಿಲ್ಲ. ನೆಲ ಕಾಲಿಟ್ರೆ ಪಚಪಚ ಅನ್ನುತ್ತೆ. ಬುಡದಲ್ಲಿ ಅಣಬೆ ಎದ್ದಿದೆ, ಮಣ್ಣು ಹುಳಿ ಹುಳಿ ವಾಸನೆ. ಇನ್ನೂ ಬಿಡ್ಲಾ?

ಹೋದ ತಿಂಗಳು ನಿಮ್ಮ ಅತ್ತಿಗೆಯವ್ರು ದಿಂಬಿನ ಕವರು ಹೊಲಿಸೋಕೆ ಕೊಟ್ಟು ಹೋಗಿದ್ರು. ಮೊದಲಿನ ಹಾಗೆ ಮಾತಿಲ್ಲ, ನಗೂನೂ ಇಲ್ಲ. ನನ್ನ ಮುಖಾನೇ ನೋಡ್ತಾ ನಿಂತಿದ್ರು. ಅಳತೆ ತಗೊಳ್ಳೋನು ನಾನು, ಅವತ್ತು ಅವ್ರೇ ನನ್ನ ಅಳತೆ ತಗೊಂಡ ಹಾಗಿತ್ತು.

ದರ್ಜಿ


ಫೆಬ್ರವರಿ 26

ದರ್ಜಿಯಣ್ಣಾ,

ನಿಲ್ಲಿಸಬೇಡಿ. ನನಗೆ ಈಗ ಎಲ್ಲ ಸ್ಪಷ್ಟವಾಯಿತು. ದಿನಾ ನೀರು ಬಿದ್ದರೂ ಮರ ಒಣಗುತ್ತಿದೆ ಎಂದರೆ ಬುಡಕ್ಕೆ ಯಾರೋ ಏನೋ ಸುರಿದಿದ್ದಾರೆ. ಪಕ್ಕದಲ್ಲೇ ಔಷಧಿ ಅಂಗಡಿ, ಇನ್ನೇನು ಬೇಕು. ಸುರಿದದ್ದನ್ನು ತೊಳೆಯಬೇಕಾದರೆ ನೀರೇ ಗತಿ. ಒಂದು ಗಂಟೆ ಬಿಡಿ.

ಇನ್ನೊಂದು ಕೆಲಸ. ಬುಡದ ಮಣ್ಣನ್ನು ಒಂದು ಹಿಡಿ ತೆಗೆದು ಡಬ್ಬಿಯಲ್ಲಿ ಹಾಕಿ ನನಗೆ ಪಾರ್ಸೆಲ್ ಮಾಡಿ. ನಮ್ಮ ಕಚೇರಿಯ ಮಹಡಿಯ ಮೇಲೆ ಮಣ್ಣು ಪರೀಕ್ಷೆ ಮಾಡುವವರಿದ್ದಾರೆ. ಬಾಯಿಮಾತಿನ ಕಾಲ ಮುಗಿಯಿತು.

ನಿಮ್ಮ ತಂಗಿಯಂಥವಳು


ಏಪ್ರಿಲ್ 15

ಅತ್ತಿಗೆ,

ಈ ತಿಂಗಳಲ್ಲಿ ಮರಕ್ಕೆ ಚಿಗುರು ಬರಬೇಕಿತ್ತು. ನೀವೇ ಬರೆದಿದ್ದಿರಿ, ಮೇಣದಬತ್ತಿಯ ಹಾಗೆ ನಿಲ್ಲುತ್ತದೆ ಅಂತ. ಈ ವರ್ಷ ಎಷ್ಟು ಮುರಿದಿರಿ? ಒಂದೂ ಬಂದಿಲ್ಲ ಅಂತ ನನಗೆ ಗೊತ್ತು. ಹೇಗೆ ಗೊತ್ತು ಅಂತ ಕೇಳಬೇಡಿ.

ಬುಡದ ಮಣ್ಣು ಪರೀಕ್ಷೆಗೆ ಹೋಗಿದೆ. ಅದರಲ್ಲಿ ಏನು ಬೆರೆತಿದೆ, ಯಾವ ಅಂಗಡಿಯದ್ದು, ಯಾರ ಕೈ ಅದನ್ನು ಸುರಿಯಿತು, ಎಲ್ಲ ಹೊರಗೆ ಬರುತ್ತದೆ. ಮನೆ ಬೇಕಾಗಿದ್ದರೆ ಕೇಳಿದ್ದರೆ ಆಗುತ್ತಿತ್ತು. ಅಣ್ಣ ತಮ್ಮ ಕೈಯಾರೆ ನೆಟ್ಟದ್ದನ್ನು, ನೀವು ಹಿಡಿದು ನಿಂತದ್ದನ್ನು, ನೀವೇ ಕೊಲ್ಲಬೇಕಾಗಿರಲಿಲ್ಲ. ನನಗೆ ಸಿಟ್ಟಿಗಿಂತ ಹೆಚ್ಚು ನಾಚಿಕೆಯಾಗುತ್ತಿದೆ. ನಿಮ್ಮನ್ನು ನನ್ನವರು ಅಂದುಕೊಂಡಿದ್ದೆ.

ವರ್ಗಾವಣೆಯ ಅರ್ಜಿ ವಾಪಸ್ ತೆಗೆದುಕೊಂಡಿದ್ದೇನೆ. ಆ ಕೋಣೆಯನ್ನು ಏನು ಬೇಕಾದರೂ ಮಾಡಿಕೊಳ್ಳಿ.

ಇಷ್ಟೇ.


ಮೇ 20

ಅತ್ತಿಗೆ,

ನನ್ನ ಕಾಗದಕ್ಕೆ ನೀವು ಉತ್ತರ ಬರೆಯಲಿಲ್ಲ. ಈಗ ಇದನ್ನು ಓದದೆ ಹರಿಯಬೇಡಿ ಅಂತ ಕೇಳಿಕೊಳ್ಳುತ್ತೇನೆ. ನಾಲ್ಕು ಸಲ ಬರೆದು ಹರಿದು, ಐದನೆಯದನ್ನು ಬರೆಯುತ್ತಿದ್ದೇನೆ.

ಮಣ್ಣಿನ ವರದಿ ನಿನ್ನೆ ಬಂತು. ಯಾವ ವಿಷವೂ ಇಲ್ಲ. ನಾನು ನಂಬಲಿಲ್ಲ, ಮಹಡಿ ಹತ್ತಿ ಹೋಗಿ ಪರೀಕ್ಷೆ ಮಾಡಿದವರ ಎದುರು ನಿಂತೆ. ವಯಸ್ಸಾದ ಹೆಂಗಸು, ಕನ್ನಡಕ ಹಣೆಗೆ ಏರಿಸಿಕೊಂಡು ಕೂತಿದ್ದರು.

"ಇದಕ್ಕೆ ದಿನಾ ನೀರು ಹಾಕ್ತಿರೋರು ಯಾರಮ್ಮ?" ಅಂತ ಕೇಳಿದರು.

"ಯಾಕೆ?" ಅಂದೆ.

"ಡಬ್ಬಿ ಬಿಚ್ಚಿದ ಕೂಡ್ಲೇ ಮೂಗಿಗೆ ಹೊಡೀತು. ಪೈನ್ ಬೇರಿಗೆ ಗಾಳಿ ಬೇಕು. ಜೇಡಿಮಣ್ಣಲ್ಲಿ ನೀರು ನಿಂತ್ರೆ ಬೇರು ಉಸಿರು ಕಟ್ಟಿ ಕೊಳೆಯುತ್ತೆ. ಕೊಳೆತ ಬೇರು ನೀರು ಎಳೆಯಲ್ಲ, ಎಲೆ ಒಣಗುತ್ತೆ. ಒಣಗ್ತಿದೆ ಅಂತ ನೀವು ಇನ್ನೂ ನೀರು ಹಾಕ್ತೀರಿ. ಪ್ರೀತಿ ಜಾಸ್ತಿ ಇರೋರೇ ಹೀಗೆ ಮಾಡೋದು," ಅಂದರು.

ಪ್ರೀತಿ ಅಂದರು. ನನಗೆ ನೆಲ ಬಾಯಿಬಿಟ್ಟು ನುಂಗಬಾರದೇ ಅನ್ನಿಸಿತು.

ನೀರು ಹಾಕಿಸಿದವಳು ನಾನು. ನವೆಂಬರ್‌ನಿಂದ ಎದುರಿನ ದರ್ಜಿಯ ಕೈಯಲ್ಲಿ, ನೀವು ಕೆಲಸಕ್ಕೆ ಹೋದ ಮೇಲೆ, ದಿನಾ. ಅವರು ಕೇಳಿದರು, ಇನ್ನೂ ಬಿಡಲಾ ಅಂತ. ಬಿಡಿ ಅಂದವಳು ನಾನೇ. ಮಣ್ಣು ಕದಿಸಿದವಳೂ ನಾನೇ. ನೀವು ನೀರಿನ ಬಗ್ಗೆ ಬರೆದದ್ದರಲ್ಲಿ ಅಕ್ಷರ ಅಕ್ಷರವೂ ನಿಜವಾಗಿತ್ತು. ಅದನ್ನು ನೀವು ಬರೆದಿದ್ದಿರಿ ಅನ್ನುವ ಒಂದೇ ಕಾರಣಕ್ಕೆ ನಾನು ನಂಬಲಿಲ್ಲ.

ಕ್ಷಮಿಸಿ ಅಂತ ಕೇಳಲು ಮುಖವಿಲ್ಲ. ನೀವು ಔಷಧಿ ಅಂಗಡಿಯವರ ಮೇಲೆ ಅನುಮಾನ ಪಟ್ಟು ಜಗಳ ಮಾಡಿಕೊಂಡಿದ್ದರೆ ಅವರ ಹತ್ತಿರವೂ ನನ್ನ ತಪ್ಪು ಅಂತ ಹೇಳಿಬಿಡಿ. ದರ್ಜಿಯಣ್ಣನನ್ನು ಬೈಯಬೇಡಿ. ಅವರು ನನ್ನ ಮಾತು ಕೇಳಿದ್ದೊಂದೇ ತಪ್ಪು.

ನಿಮ್ಮ ನಾದಿನಿ
(ಹಾಗೆ ಕರೆಸಿಕೊಳ್ಳಲು ನೀವು ಬಿಟ್ಟರೆ)


ಮೇ 29

ಪುಟ್ಟಿ,

ನಿನ್ನ ಅಣ್ಣ ಕರೆಯುತ್ತಿದ್ದ ಹೆಸರಿನಲ್ಲಿ ನಾನು ನಿನ್ನನ್ನು ಯಾವತ್ತೂ ಕರೆದವಳಲ್ಲ. ಈ ಕಾಗದವನ್ನು ಬೇರೆ ಹೆಸರಿನಿಂದ ಶುರು ಮಾಡಲು ಆಗಲಿಲ್ಲ.

ನೀರು ಹಾಕಿಸಿದವಳು ನೀನು ಅಂತ ನನಗೆ ಜನವರಿಯಿಂದಲೇ ಗೊತ್ತು.

ಡಿಸೆಂಬರ್‌ನಲ್ಲಿ ಬೆರಳಿಟ್ಟು ನೋಡಿದಾಗ ಮಣ್ಣು ಒದ್ದೆಯಾಗಿತ್ತು. ನೆಲದೊಳಗೆ ಪೈಪು ಒಡೆದಿದೆ ಅಂದುಕೊಂಡು ಪ್ಲಂಬರನ್ನು ಕರೆಸಿದೆ. ಅವನು ಅರ್ಧ ಅಂಗಳ ಅಗೆದು ಏನೂ ಇಲ್ಲ ಅಂದ. ಜ್ವರ ಬಂದು ಮನೆಯಲ್ಲಿ ಮಲಗಿದ್ದ ದಿನ ಏಳು ಗಂಟೆಗೆ ನೀರಿನ ಸದ್ದು ಕೇಳಿ ಕಿಟಕಿಯಿಂದ ನೋಡಿದೆ. ದರ್ಜಿ ಆ ಕಡೆ ಈ ಕಡೆ ನೋಡಿ, ಬೇಲಿಯ ಮೇಲಿಂದ ಪೈಪು ಇಳಿಬಿಟ್ಟು, ತಾನು ಏನೂ ಮಾಡುತ್ತಿಲ್ಲ ಅನ್ನುವ ಮುಖ ಮಾಡಿಕೊಂಡು ನಿಂತಿದ್ದ. ಕೂಗಬೇಕು ಅಂತ ಬಾಯಿ ತೆರೆದೆ. ಅಷ್ಟರಲ್ಲಿ, ಇವನಿಗೆ ಇದನ್ನು ಹೇಳಿದವರು ಯಾರು ಅನ್ನಿಸಿತು. ಎರಡು ದಿನ ಬಿಟ್ಟು ಅವನ ಅಂಗಡಿಗೆ ಹೋದೆ. ಕತ್ತರಿಯ ಕೆಳಗೆ ನಿನ್ನ ಕೈಬರಹದ ಲಕೋಟೆ ಇತ್ತು.

ಈಗ ನೀನೇ ಹೇಳು. ನೀರು ಹೆಚ್ಚಾದರೆ ಪೈನ್ ಸಾಯುತ್ತದೆ ಅಂತ ನಾನೇ ನಿನಗೆ ಬರೆದು ಕಳಿಸಿದ್ದೆ. ಅದಾದ ಮೇಲೆ ನೀನು ಕದ್ದು ನೀರು ಹಾಕಿಸುತ್ತಿದ್ದೀಯ. ನಾನು ಏನಂದುಕೊಳ್ಳಬೇಕಿತ್ತು? ಮರ ಸತ್ತರೆ ಮನೆ ಮಾರಬಹುದು, ಮಾರಿದರೆ ನಿನ್ನ ಅರ್ಧ ನಿನಗೆ ಸಿಗುತ್ತದೆ, ಬಂದು ಇರುತ್ತೇನೆ ಅಂದದ್ದೆಲ್ಲ ನಾಟಕ ಅಂದುಕೊಂಡೆ. ಅದಕ್ಕೇ ಆ ಪ್ರಶ್ನೆ ಕೇಳಿದೆ. ನೀನು ನನ್ನ ಮೇಲೇ ಹಾರಿಬಿದ್ದಾಗ ಅನುಮಾನ ಗಟ್ಟಿಯಾಯಿತು.

ಇಲ್ಲಿಯವರೆಗೆ ನಾನು ಒಳ್ಳೆಯವಳು. ಮುಂದಿನದನ್ನು ಯಾರಿಗೂ ಹೇಳಿಲ್ಲ.

ಜನವರಿಯಲ್ಲಿ ಮರದ ತುದಿ ಇನ್ನೂ ಹಸಿರಾಗಿತ್ತು. ಕಿಟಕಿಯಿಂದ ಒಂದು ಮಾತು ಕೂಗಿದ್ದರೆ ಸಾಕಿತ್ತು. ಬುಡದಿಂದ ಮೋರಿಗೆ ಒಂದು ಕಾಲುವೆ ತೋಡಿದ್ದರೂ ಉಳಿಯುತ್ತಿತ್ತು, ಅಷ್ಟು ನನಗೆ ಗೊತ್ತಿತ್ತು. ನಾನು ಮಾಡಲಿಲ್ಲ. ರಜೆ ಹಾಕಿದ ದಿನ ಕಿಟಕಿಯ ಸಂದಿಯಿಂದ ನೋಡುತ್ತಾ ಕಾಫಿ ಕುಡಿಯುತ್ತಿದ್ದೆ. ಎಷ್ಟು ದೂರ ಹೋಗುತ್ತಾಳೆ ನೋಡೇ ಬಿಡೋಣ ಅಂತ. ಮರ ಪೂರ್ತಿ ಒಣಗಲಿ, ಆಮೇಲೆ ಲಕೋಟೆ, ಪೈಪು ಎಲ್ಲ ನಿನ್ನ ಮುಖಕ್ಕೆ ಹಿಡಿಯುತ್ತೇನೆ ಅಂತ. ಒಂದೊಂದು ಕೊಂಬೆ ಕಂದಿದಾಗಲೂ ಹೊಟ್ಟೆಯೊಳಗೆ ಎಲ್ಲೋ ಖುಷಿಯಾಗುತ್ತಿತ್ತು. ನನಗೆ ಮರಕ್ಕಿಂತ ನಿನ್ನ ತಪ್ಪು ಬೇಕಾಗಿತ್ತು ಪುಟ್ಟಿ. ನೀನು ಗೊತ್ತಿಲ್ಲದೆ ಮಾಡಿದೆ. ನಾನು ಗೊತ್ತಿದ್ದೂ ಸುಮ್ಮನಿದ್ದೆ. ನಿನ್ನ ಕಾಗದ ಓದಿ ಅಡಿಗೆಮನೆಯ ನೆಲದ ಮೇಲೆ ಕೂತುಬಿಟ್ಟೆ, ಅವತ್ತು ಕೆಲಸಕ್ಕೆ ಹೋಗಲಿಲ್ಲ.

ಮರ ಪೂರ್ತಿ ಹೋಗಿದೆ. ಜೋರು ಗಾಳಿ ಬಂದರೆ ರಸ್ತೆಗೇ ಬೀಳುವ ಹಾಗಿದೆ, ಅದಕ್ಕೆ ಕಡಿಸಲು ನಗರಸಭೆಯ ಅರ್ಜಿ ತಂದೆ. ಇದರ ಜೊತೆಗಿಟ್ಟಿದ್ದೇನೆ. ಮನೆ ಇಬ್ಬರ ಹೆಸರಿನಲ್ಲಿ ಇರುವುದರಿಂದ ಇಬ್ಬರ ಸಹಿಯೂ ಬೇಕಂತೆ. ಮರ ಒಣಗಲು ಕಾರಣ ಅಂತ ಒಂದು ಸಾಲು ಇದೆ. ರೋಗ, ಕೀಟ, ಸಿಡಿಲು, ಇತರೆ ಅಂತ ಅಚ್ಚಾಗಿದೆ. ಮೊದಲ ಮೂರನ್ನೂ ಹೊಡೆದುಹಾಕಿ, ಇತರೆ ಅನ್ನುವುದರ ಮುಂದೆ "ಮನೆಯವರು" ಅಂತ ಬರೆದಿದ್ದೇನೆ.

ಕೆಳಗೆ ನನ್ನ ಸಹಿ ಮಾಡಿದ್ದೇನೆ, ಪಕ್ಕದ ಜಾಗ ನಿನ್ನದು. ಅಂಚೆಗೆ ಹಾಕಬೇಡ. ನೀನೇ ತೆಗೆದುಕೊಂಡು ಬಾ.

ಅತ್ತಿಗೆ